ಅತ್ತಿ ಮಾತೋ ಅಕ್ಕನ ಮಾತೋ: ಕೂಸಿಗೆ ಒಂದಕ್ಕ ಎರಡಕ್ಕ ಕಲಿಸೋದು ಯಾವಾಗ?

ಸಿಂಧನೂರಿನ ತಂಗಿ ಒಬ್ರು ಬರದ ಪತ್ರ ಇದು, ಹೆಸರು ಹಾಕಬ್ಯಾಡ್ರಿ ಅಂದಾರ, ಹಾಕಿಲ್ಲ. ಮಗಳಿಗೆ ಈಗ 15 ತಿಂಗಳು. ಇವರು ಸಾಲಿ ಟೀಚರ್, ಗಂಡಂದು ಗೊಬ್ಬರದ ಅಂಗಡಿ, ಹಗಲೆಲ್ಲಾ ಕೂಸು ಅತ್ತಿ ಕೈಯಾಗ. ಅತ್ತಿ ಅಂತಾರಂತ, "ನನ್ನ ನಾಕೂ ಮಕ್ಳು ಹಲ್ಲು ಬರೋದ್ರೊಳಗ ಹೊರಗ ಕೂಡ್ತಿದ್ವು, ನೀ ಆ ಪ್ಯಾಂಪರ್ಸ್ ಹಾಕಿ ಹಾಕಿ ಕೂಸಿಗೆ ಏನೂ ತಿಳೀದಂಗ ಮಾಡೀದಿ." ಅತ್ತ ಅಮೆರಿಕಾದಾಗಿರೋ ಅಕ್ಕ ವಿಡಿಯೋ ಕಾಲ್ ಮಾಡಿದಾಗೆಲ್ಲಾ, "ಎರಡೂವರಿ ವರ್ಷದ ತನಕ ಏನೂ ಮಾಡಬ್ಯಾಡ, ಈಗ ಒತ್ತಾಯ ಮಾಡಿದ್ರ ಮುಂದ ಕೂಸಿನ ಮನಸ್ಸಿಗೆ ಪೆಟ್ಟಾಗ್ತೈತಿ ಅಂತ ನಮ್ಮ ಡಾಕ್ಟರ್ ಹೇಳ್ಯಾರ" ಅಂತಾಳಂತ. ಇಬ್ಬರೊಳಗ ಯಾರ ಮಾತು ಕೇಳ್ಲಿ, ದಿನಾ ಇದಕ್ಕ ಮನ್ಯಾಗ ಕಿರಿಕಿರಿ, ನಂಗ ಸಾಕಾಗೇತಿ ಅಂತ ಬರದಾರ. ಕೊನೀಗೆ ಇನ್ನೊಂದು, ಮುಂದಿನ ತಿಂಗಳು ಮನಿಮಂದಿಯೆಲ್ಲಾ ಹುಲಿಗೆಮ್ಮನ ಗುಡಿ ಇರೋ ಹುಲಿಗಿಗೆ ಹೊಂಟಾರ, ಬಸ್ಸಿನ್ಯಾಗ ಡಯಪರ್ ಹಾಕಬೇಕೋ ಬ್ಯಾಡೋ ಅನ್ನೋದೂ ಜಗಳ ಆಗೇತಂತ.

ತಂಗಿ, ನಿಮ್ಮ ಅತ್ತಿಯೋರೂ ಸುಳ್ಳು ಹೇಳಾಕತ್ತಿಲ್ಲ, ನಿಮ್ಮ ಅಕ್ಕನೂ ಸುಳ್ಳು ಹೇಳಾಕತ್ತಿಲ್ಲ. ಇಬ್ಬರೂ ಹೇಳೋದು ಎರಡು ಬ್ಯಾರೆ ಬ್ಯಾರೆ ಕೆಲಸದ ಬಗ್ಗೆ. ಅತ್ತಿಯೋರ ಲೆಕ್ಕದಾಗ ಕಲಿಸೋದು ಅಂದ್ರ ಕೂಸಿಗೆ ಯಾವಾಗ ಬರ್ತೈತಿ ಅಂತ ದೊಡ್ಡೋರು ಗುರ್ತು ಹಿಡಿದು, ಎತ್ಕೊಂಡು ಹೋಗಿ, ಕೂಡಿಸಿ, "ಶ್ಶ್ಶ್" ಅಂದು ಮಾಡಿಸೋದು. ಅಲ್ಲಿ ಮುಕ್ಕಾಲು ಕೆಲಸ ದೊಡ್ಡೋರ್ದು. ನಿಮ್ಮ ಅಕ್ಕನ ಊರಿನ ಲೆಕ್ಕದಾಗ ಕೂಸು ತಾನ ಬಂದು ಹೇಳಬೇಕು, ತಾನ ಚಡ್ಡಿ ಇಳಿಸಬೇಕು, ತಾನ ಹೋಗಿ ಕೂಡಬೇಕು, ಮುಗಿದ ಮ್ಯಾಲೆ ಚಡ್ಡಿ ಏರಿಸ್ಕೋಬೇಕು, ಅಷ್ಟೆಲ್ಲಾ ಆದ್ರನ ಕಲ್ತೈತಿ ಅಂತಾರ. ಮೊದಲನೇದು ಆರು ತಿಂಗಳಿಗೆ ಆಗ್ತೈತಿ, ಎರಡನೇದಕ್ಕ ಎರಡು ಎರಡೂವರಿ ವರ್ಷ ಬೇಕಾಗ್ತೈತಿ. ಈ ಎರಡೂ ವಯಸ್ಸು ಅಕ್ಕಪಕ್ಕ ಇಟ್ಟು ನಮ್ಮ ಕೂಸು ಹಿಂದ ಬಿತ್ತು ಅಂತ ಅಳೋದು, ಇಲ್ಲಾ ಅವರ ಕೂಸು ದಡ್ಡ ಅನ್ನೋದು, ಎರಡೂ ತಪ್ಪು.

ನಮ್ಮ ಕಡೆ ಮುದುಕಿಯರು ಮಾಡೋದನ್ನ ಒಮ್ಮೆ ಕೂತು ನೋಡ್ರಿ, ಅದು ಬರೇ ರೂಢಿ ಅಲ್ಲ, ಅದ್ರಾಗ ಭಾಳ ತಿಳುವಳಿಕಿ ಐತಿ. ಕೂಸು ನಿದ್ದಿಯಿಂದ ಎದ್ದ ಕೂಡ್ಲೆ ಒಮ್ಮೆ, ಹಾಲು ಕುಡಿದು ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಎರಡೂ ಪಾದ ಜೋಡಿಸಿ ಅದರ ಮ್ಯಾಲೆ ಕೂಡಿಸ್ಕೊಂಡು ಶ್ಶ್ಶ್ ಅಂತಾರ. ಹಾಲು ಹೊಟ್ಟಿಗೆ ಇಳಿದ ಮ್ಯಾಲೆ ಕರುಳು ಅಲುಗಾಡೋದು ದೇಹದ ಸ್ವಭಾವ, ಡಾಕ್ಟರ್ ಪುಸ್ತಕದಾಗೂ ಅದ ಐತಿ, ಮುದುಕಿಯರು ಅದನ್ನ ಕೂಸಿನ ಮುಖ ನೋಡಿ ಕಂಡ್ಕೊಂಡಾರ. ಮುಖ ಕೆಂಪಾಗೋದು, ಆಟ ಬಿಟ್ಟು ಸುಮ್ನ ನಿಲ್ಲೋದು, ಕಾಲು ಒದರೋದು, ಇವನ್ನೆಲ್ಲಾ ನೋಡಾಕ ಒಬ್ರು ಇಡೀ ದಿನ ಕೂಸಿನ ಜೋಡಿ ಇರಬೇಕು, ಈ ಮಾತು ನೆನಪಿಡ್ರಿ, ಮುಂದ ಇದಕ್ಕ ಬರ್ತೀನಿ.

ಇದು ನಮ್ಮ ನಾಡಿನಾಗಷ್ಟ ಇರೋದೂ ಅಲ್ಲ. ಪೂರ್ವ ಆಫ್ರಿಕಾದ ಕರಾವಳಿಯಾಗ ಡಿಗೋ ಅಂತ ಒಂದು ಜನ ಅದಾರ, ಅವರ ಬಗ್ಗೆ 1977ರಾಗ ಅಮೆರಿಕಾದ ಮಕ್ಕಳ ವೈದ್ಯರ ಪತ್ರಿಕೆಯೊಳಗ ಒಂದು ಅಧ್ಯಯನ ಬಂತು. ಅಲ್ಲಿ ತಾಯಂದಿರು ಕೂಸು ಹುಟ್ಟಿದ ಎರಡು ಮೂರು ವಾರಕ್ಕ ಶುರು ಮಾಡ್ತಾರ, ಕಾಲು ಚಾಚಿ ನೆಲದ ಮ್ಯಾಲೆ ಕೂತು, ಕಾಲ ನಡುವ ಕೂಸಿನ್ನ ಕೂಡಿಸ್ಕೊಂಡು, ಬಾಯಿಂದ ಶೂ ಅಂತ ಸಪ್ಪಳ ಮಾಡ್ತಾರ, ಐದಾರು ತಿಂಗಳಿಗೆ ಹಗಲೂ ರಾತ್ರಿ ಹೆಚ್ಚುಕಮ್ಮಿ ಒಣ ಇರ್ತಾವು. ನಮ್ಮ ಅಜ್ಜಿಯರು ಕೂಸಿಗೆ ಎರೆಯೋವಾಗ ಹೆಂಗ ಕಾಲು ಚಾಚಿ ಕೂಡ್ತಾರೋ ಹಂಗ. ವಿಯೆಟ್ನಾಂನಾಗ ಸಿಳ್ಳಿ ಹಾಕ್ತಾರ. ಅಲ್ಲಿಯ ತಾಯಂದಿರನ್ನ ಕೂಸು ಹುಟ್ಟಿದಾಗಿಂದ ಎರಡು ವರ್ಷದ ತನಕ ಬೆನ್ನುಹತ್ತಿ ನೋಡಿದ ಒಂದು ಅಧ್ಯಯನ 2013ರಾಗ ಬಂತು, ಒಂಬತ್ತು ತಿಂಗಳಿಗೆ ಆ ಮಕ್ಕಳೆಲ್ಲಾ ಪಾಟಿ (ಕೂಸು ಕೂತು ಒಂದಕ್ಕ ಎರಡಕ್ಕ ಮಾಡೋ ಸಣ್ಣ ಪಾತ್ರಿ) ಮ್ಯಾಲೆ ಕೂಡ್ತಿದ್ವು, ಎರಡು ವರ್ಷಕ್ಕ ತಮ್ಮದು ತಾವ ಮಾಡ್ಕೊಂತಿದ್ವು. ಚೀನಾದ ಹಳ್ಳಿಗಳಾಗ ಮಕ್ಕಳಿಗೆ ನಡುವ ಸೀಳಿರೋ ಪ್ಯಾಂಟು ಹಾಕ್ತಾರ, ಕುಕ್ಕರಗಾಲಿಲೆ ಕೂತ್ರ ತಾನ ತೆರಕೊಳ್ತೈತಿ. ನಮ್ಮ ಕಡೆ ಅಷ್ಟೂ ಬ್ಯಾಡ, ಉಡದಾರ ಒಂದಿದ್ರ ಓಣಿ ತುಂಬಾ ಓಡಾಡ್ತಾವು.

ಹಂಗಂತ ಅಮೆರಿಕಾದೋರು ಮೊದಲಿಂದ ಹಿಂಗ ಇದ್ರು ಅನ್ಕೋಬ್ಯಾಡ್ರಿ. 1920–30ರ ದಶಕದಾಗ ಅಲ್ಲೂ ಕೂಸಿಗೆ ಕೆಲವೇ ತಿಂಗಳು ತುಂಬೋದ್ರೊಳಗ ಶುರು ಮಾಡ್ರಿ ಅಂತಿದ್ರು, ಗಡಿಯಾರ ನೋಡಿ ದಿನಾ ಅದೇ ಹೊತ್ತಿಗೆ ಕೂಡಿಸಬೇಕು ಅಂತ ಭಾಳ ಕಟ್ಟುನಿಟ್ಟು. ಬರಬರ್ತಾ ಬೈಯೋದು ಬಡಿಯೋದು ಹೆಚ್ಚಾಗಿ, ಮಕ್ಕಳು ಎರಡಕ್ಕ ಹಿಡದು ಕುಂದ್ರೋದು, ಮಲಬದ್ಧತೆ, ಇವೆಲ್ಲಾ ಡಾಕ್ಟರ್‌ಗಳ ಕಣ್ಣಿಗೆ ಬಿದ್ವು. ಟಿ. ಬೆರಿ ಬ್ರಾಜೆಲ್ಟನ್ ಅನ್ನೋ ಮಕ್ಕಳ ಡಾಕ್ಟರ್ 1962ರಾಗ ತಮ್ಮ ಹತ್ರ ಬರ್ತಿದ್ದ 1,170 ಮಕ್ಕಳ ಅನುಭವ ಇಟ್ಕೊಂಡು ಬರದ್ರು, ಕೂಸು ತಯಾರಾಗೋ ತನಕ ತಡೀರಿ, ಹದಿನೆಂಟು ತಿಂಗಳ ಹಿಂದ ಮುಂದ ನೋಡ್ರಿ, ಜಬರ್ದಸ್ತಿ ಬ್ಯಾಡ ಅಂತ. ಆ ಮಕ್ಕಳು ಹಗಲು ಒಣ ಇರೋದು ಕಲಿತಿದ್ದು ಸರಾಸರಿ 28 ತಿಂಗಳು ದಾಟಿದ ಮ್ಯಾಲೆ. ನಿಮ್ಮ ಅಕ್ಕನ ಡಾಕ್ಟರ್ ಬಾಯಾಗ ಬಂದಿದ್ದು ಈ ಮಾತೇ. ಅದು ಹುಟ್ಟಿದ್ದು ಮಕ್ಕಳ ಮ್ಯಾಲಿನ ಕಾಳಜಿಯಿಂದ, ಅದಕ್ಕ ನಾನು ಅದನ್ನ ಹಗುರ ಮಾಡಿ ಮಾತಾಡಂಗಿಲ್ಲ. ಆದ್ರ ಅದರ ಹಿಂದಿನ ವರ್ಷ, 1961ರಾಗ, ಪ್ಯಾಂಪರ್ಸ್ ಅಂಗಡಿಗೆ ಬಂದಿತ್ತು ಅನ್ನೋದೂ ಖರೇ. ತಡೀರಿ ಅಂತ ಡಾಕ್ಟರ್ ಹೇಳ್ತಾರ, ತಡಿಯಾಕ ಬೇಕಾದ ಸಾಮಾನು ಅಂಗಡ್ಯಾಗ ಸಿಗ್ತೈತಿ, ಒಗೆಯೋ ಕಷ್ಟ ಇಲ್ಲ, ತಾಯಿ ನೌಕರಿಗೆ ಹೋಗಬಹುದು, ಹಿಂಗಾಗಿ ವಯಸ್ಸು ಮುಂದಕ್ಕ ಮುಂದಕ್ಕ ಹೋತು. 1990ರ ದಶಕದ ಕೊನೀಗೆ ಅದೇ ಡಾಕ್ಟರ್ ಡಯಪರ್ ಜಾಹೀರಾತಿನ್ಯಾಗ ಬಂದಾಗ ಅಲ್ಲೇ ಜನ ಟೀಕೆನೂ ಮಾಡಿದ್ರು.

ಈಗ ನಮ್ಮ ಜಿಲ್ಲಾಕ್ಕ ಬರೋಣ. ಇದೆಲ್ಲಾ ನಿಂತಿರೋದು ಮನಿ ಹೆಂಗೈತಿ, ನೀರು ಎಷ್ಟೈತಿ, ಕೂಸಿನ ಹತ್ರ ಯಾರು ಇರ್ತಾರ ಅನ್ನೋದ್ರ ಮ್ಯಾಲೆ. ನಿಮ್ಮ ಅಕ್ಕನ ಮನ್ಯಾಗ ನೆಲಕ್ಕ ಕಾರ್ಪೆಟ್ ಇರಬಹುದು, ಚಳಿಗೆ ಕೂಸಿಗೆ ಮೂರು ಪದರ ಬಟ್ಟಿ, ಕೈಗೆ ಅಜ್ಜಿ ಇಲ್ಲ ಆಯಿ ಇಲ್ಲ, ಅಲ್ಲಿ ಉಡದಾರದ ಮ್ಯಾಲೆ ಬಿಡಾಕ ಆಗ್ತೈತೇನು? ನಮ್ಮಲ್ಲಿ ಶಹಾಬಾದಿ ಬಂಡೆ ನೆಲ, ಉಚ್ಚಿ ಹೊಯ್ದ್ರ ಒರಸಿದ್ರ ಮುಗೀತು, ಬ್ಯಾಸಗಿಯೊಳಗ 40 ಡಿಗ್ರಿ ದಾಟೋ ಈ ರಾಯಚೂರು ಜಿಲ್ಲಾದಾಗ ದಿನವಿಡೀ ಡಯಪರ್ ಕಟ್ಟಿದ್ರ ಕೂಸಿನ ತೊಡಿಸಂದಿ ಕೆಂಪಾಗಿ ಸುಲಿದು ಹೋಗ್ತೈತಿ. ಆದ್ರ ಎರಡು ಮೂರು ದಿನಕ್ಕೊಮ್ಮೆ ನಳ ಬರೋ ಓಣ್ಯಾಗ ದಿನಕ್ಕ ಹತ್ತು ಹದಿನೈದು ಲಂಗೋಟಿ ಒಗಿ ಅಂದ್ರ ಯಾರು ಒಗೀಬೇಕು? ಇದನ್ನ ಡಯಪರ್ ಬೈಯೋ ಹಿರಿಯರು ಸ್ವಲ್ಪ ಯೋಚನೆ ಮಾಡಬೇಕು. ಡಯಪರ್ ಹಾಕೋ ಸೊಸಿ ಸೋಂಬೇರಿ ಅಂತ ಎಷ್ಟು ಮನ್ಯಾಗ ಅಂತಾರೋ, ನಂಗ ಬರೋ ಪತ್ರಗಳಾಗ ಇದ ಮಾತು ಮತ್ತ ಮತ್ತ ಬರ್ತೈತಿ, ಓದಿದಾಗೆಲ್ಲಾ ಹೊಟ್ಯಾಗ ಸಂಕಟ ಆಗ್ತೈತಿ. ಮುಂಜಾನೆ ಎದ್ದು ಅಡಿಗಿ ಮಾಡಿ ಸಾಲಿಗೆ ಹೋಗಿ ಬಂದು ಮತ್ತ ಅಡಿಗಿ ಮಾಡೋ ಹೆಣ್ಣುಮಗಳು ಸೋಂಬೇರಿ ಆಗಾಕ ಹೊತ್ತಾದ್ರೂ ಎಲ್ಲೈತಿ. ಹಂಗ ನೋಡಿದ್ರ ಭತ್ತದ ನಾಟಿಗೆ ಹೋಗೋ ತಾಯಂದಿರು ಬದುವಿನ ಗಿಡಕ್ಕ ಸೀರಿ ಜೋಳಿಗಿ ಕಟ್ಟಿ ಕೂಸು ಮಲಗಿಸಿರ್ತಾರ, ಅವರಿಗೆ ಮುಖ ನೋಡಿ ಗುರ್ತು ಹಿಡಿಯಾಕ ಯಾವ ಪುರಸೊತ್ತು ಇರ್ತೈತಿ, ಅಂಥಲ್ಲಿ ಹಿರಿ ಅಕ್ಕನೋ ಅಜ್ಜಿಯೋ ಕೂಸು ನೋಡ್ಕೋತಾರ.

ಬೇಗ ಶುರು ಮಾಡಿದ್ರ ಮನಸ್ಸಿಗೆ ಪೆಟ್ಟಾಗ್ತೈತಿ ಅನ್ನೋ ಭಯ ಬಿಡ್ರಿ. ಅಮೆರಿಕಾದೊಳಗ 2003ರಾಗ ಬಂದ ಒಂದು ಅಧ್ಯಯನದಾಗ ಬೇಗ ಶುರು ಮಾಡಿದೋರಿಗೆ ಮಲಬದ್ಧತೆ ಹೆಚ್ಚಾಗಿದ್ದು ಕಂಡಿಲ್ಲ, ಎರಡಕ್ಕ ಹೋಗಾಕ ಹಠ ಮಾಡೋದೂ ಹೆಚ್ಚಾಗಿದ್ದು ಕಂಡಿಲ್ಲ, ಪೂರ್ತಿ ಕಲಿಯಾಕ ಹಿಡಿದ ದಿನ ಮಾತ್ರ ಜಾಸ್ತಿ. ಅಂದ್ರ ಬೇಗ ಶುರು ಮಾಡೋರು ಉದ್ದ ತಾಳ್ಮಿ ಇಟ್ಕೋಬೇಕು, ಅಷ್ಟ. ಕೆಡೋದು ಬ್ಯಾರೆ ಕಾರಣಕ್ಕ. ಚಡ್ಡ್ಯಾಗ ಮಾಡ್ಕೊಂಡ್ರ "ಬರಿ ಹಾಕ್ತೀನಿ ನೋಡು" ಅಂತ ಕಾಸಿದ ಸೌಟು ತೋರಿಸೋದು, ಮಂದಿ ಮುಂದ ನಗೋದು, ಕುಂಡಿಗೆ ಬಡಿಯೋದು, ಇವು ನಿಮ್ಮ ಮನ್ಯಾಗ ಯಾರ ಕೈಲಿಂದ ಆದ್ರೂ ಅದನ್ನ ಅಲ್ಲೇ ನಿಲ್ಲಿಸ್ರಿ, ಅತ್ತಿ ಇರಲಿ, ಗಂಡ ಇರಲಿ. ಹೆದರಿದ ಕೂಸು ಎರಡಕ್ಕ ಹಿಡೀತೈತಿ, ಹಿಡಿದಷ್ಟೂ ಗಟ್ಟಿಯಾಗ್ತೈತಿ, ಗಟ್ಟಿಯಾದದ್ದು ಹೊರಗ ಬರೋವಾಗ ನೋಯ್ತೈತಿ, ನೋವಿಗೆ ಮತ್ತ ಹಿಡೀತೈತಿ, ಈ ಸುತ್ತು ಶುರುವಾದ್ರ ಬಿಡಿಸೋದು ಭಾಳ ಕಷ್ಟ. ವರ್ಷ ತುಂಬಿದ ಮ್ಯಾಲೂ ಬರೇ ಹಾಲಿನ ಮ್ಯಾಲೆ ಇರೋ ಮಕ್ಕಳಿಗೆ ಇದು ಇನ್ನೂ ಜಾಸ್ತಿ. ಪಪ್ಪಾಯಿ, ನೆನಸಿ ಕಿವುಚಿದ ಒಣದ್ರಾಕ್ಷಿ, ಸೊಪ್ಪಿನ ಸಾರಿನ್ಯಾಗ ನೆನಸಿದ ಮೆತ್ತನ ರೊಟ್ಟಿ ಕೊಡ್ರಿ, ನೀರು ಆಗಾಗ ಕುಡಿಸ್ರಿ. ರಕ್ತ ಕಂಡ್ರ, ಇಲ್ಲಾ ದಿನಗಟ್ಟಲೆ ಹೋಗದ ಅಳಾಕತ್ರ, ಮನಿಮದ್ದು ಬಿಟ್ಟು ಮಕ್ಕಳ ಡಾಕ್ಟರ್ ಹತ್ರ ಹೋಗ್ರಿ.

ಇನ್ನ ನಿಮ್ಮ ಮನಿ ಮಾತು. ನಿಮ್ಮಲ್ಲಿ ಹಗಲೆಲ್ಲಾ ಕೂಸು ನೋಡೋ ಕೈ ಒಂದೈತಿ, ಅದು ಅತ್ತಿಯೋರ್ದು, ಅವರಿಗೆ ಈ ಕೆಲಸ ಬರ್ತೈತಿ, ಮನಸ್ಸೂ ಐತಿ. ಹಗಲಿನ್ಯಾಗ ಅವರಿಗೇ ಬಿಡ್ರಿ. ಅವರನ್ನೇ ಕೇಳ್ರಿ, "ಅತ್ತಿ, ನೀವು ಹೆಂಗ ಮಾಡ್ತಿದ್ರಿ, ನಂಗೂ ತೋರಸ್ರಿ" ಅಂತ, ಸಂಜೀಗೆ ಬಂದ ಮ್ಯಾಲೆ ನೀವೂ ಅದೇ ಹೊತ್ತಿಗೆ ಅದೇ ಸಪ್ಪಳ ಮಾಡ್ರಿ, ಹಗಲು ಒಂದು ರೀತಿ ಸಂಜೀಗೆ ಒಂದು ರೀತಿ ಆದ್ರ ಕೂಸಿಗೆ ತಿಳಿಯಂಗಿಲ್ಲ. ಹಗಲು ಹತ್ತಿ ಲಂಗೋಟಿ ಇಲ್ಲಾ ಸಡ್ಲ ಚಡ್ಡಿ ಹಾಕ್ರಿ, ಹಸಿಯಾದದ್ದು ಕೂಸಿಗೆ ಗೊತ್ತಾಗಬೇಕು, ಡಯಪರ್ ಎಲ್ಲಾ ಹೀರಿಬಿಡ್ತೈತಿ ಅದಕ್ಕ ಗೊತ್ತಾಗಂಗಿಲ್ಲ, ಅತ್ತಿಯೋರು ಅನ್ನೋದ್ರಾಗ ಈ ಒಂದು ಮಾತು ಪೂರ್ತಿ ಸರಿ ಐತಿ. ಒಗಿಯೋದನ್ನ ಮಾತ್ರ ಅವರ ತಲಿಗೂ ನಿಮ್ಮ ತಲಿಗೂ ಕಟ್ಟಬ್ಯಾಡ್ರಿ, ಗೊಬ್ಬರದ ಚೀಲ ಎತ್ತೋ ಕೈಗೆ ಲಂಗೋಟಿ ಹಿಂಡೋದು ಭಾರ ಆಗಂಗಿಲ್ಲ, ನಿಮ್ಮ ಯಜಮಾನ್ರಿಗೆ ಈ ಸಾಲು ನಾನು ಹೇಳೇನಿ ಅಂತ ತೋರಿಸ್ರಿ. ಕೂಸು ಒಂದು ವಾರ ಛಲೋ ಹೋಗಿ ಮುಂದಿನ ವಾರ ಎಲ್ಲಾ ಮರೀತೈತಿ, ಹಲ್ಲು ಬರೋವಾಗ, ಜ್ವರ ಬಂದಾಗ, ಊರಿಗೆ ಹೋಗಿ ಬಂದಾಗ ಹಿಂಗಾಗೋದ, ಗಾಬರಿ ಬ್ಯಾಡ. ಮನ್ಯಾಗ ಕಮೋಡ್ ಇದ್ರ ಅದ್ರ ಮ್ಯಾಲೆ ಕಾಲು ಜೋತಾಡೋ ಹಂಗ ಕೂಡಿಸಬ್ಯಾಡ್ರಿ, ಕಾಲಿಗೆ ಆಸರಿ ಇರಲಾರದ ಕೂಸು ಹೊಟ್ಟಿಗೆ ಬಲ ಕೊಡಾಕ ಆಗಂಗಿಲ್ಲ. ಕುಕ್ಕರಗಾಲು, ಇಲ್ಲಾ ನೆಲದ ಮ್ಯಾಲಿನ ಸಣ್ಣ ಪಾಟಿ ಒಳ್ಳೇದು. ತಾನ ಹೇಳಿ ತಾನ ಹೋಗೋದಕ್ಕ ಎರಡು ವರ್ಷ ದಾಟಬಹುದು, ಅಲ್ಲಿ ನಿಮ್ಮ ಅಕ್ಕನ ಮಾತು ಹಿಡೀರಿ, ಆತುರ ಮಾಡಬ್ಯಾಡ್ರಿ.

ಇನ್ನೊಂದು, ಇದನ್ನ ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಹಾಲುಗೂಸಿನ ಕಕ್ಕ ಅದೇನು ಹೊಲಸಲ್ಲ ಅಂತ ಅಂಗಳದ ಮೂಲಿಗೆ, ಗಟಾರಕ್ಕ ಚೆಲ್ಲೋದು ನಮ್ಮ ಕಡೆ ಭಾಳ ರೂಢಿ. ಅದ್ರಾಗೂ ದೊಡ್ಡೋರ ಹೊಲಸಿನಂಗ ರೋಗ ಹರಡೋ ಕ್ರಿಮಿ ಇರ್ತಾವು, ಅದನ್ನ ಪಾಯಖಾನಿಗೇ ಹಾಕಿ ನೀರು ಬಿಡ್ರಿ, ಸೋಪು ಹಚ್ಚಿ ಕೈ ತೊಳೀರಿ. ಅಂಗಳದಾಗ ಆಡೋ ಓಣಿ ಮಕ್ಕಳಿಗೆ ಭೇದಿ ಹತ್ತೋದು ಹಿಂಗೂ ಐತಿ.

ರಾತ್ರಿದು ಪೂರ್ತಿ ಬ್ಯಾರೆ ಲೆಕ್ಕ. ನಿದ್ದ್ಯಾಗ ತಡ್ಕೊಳ್ಳೋದು ಕಲಿಸಿ ಬರೋದು ಕಮ್ಮಿ, ಹೆಚ್ಚಾಗಿ ಮೈ ಬಲಿತಂಗ ಬರೋದು. ಐದು ವರ್ಷದ ನೂರು ಮಕ್ಕಳಾಗ ಹದಿನೈದರಷ್ಟು ಇನ್ನೂ ಹಾಸಿಗಿ ಒದ್ದಿ ಮಾಡ್ತಾವು, ಅಪ್ಪ ಅವ್ವ ಸಣ್ಣೋರಿದ್ದಾಗ ಹಂಗ ಇದ್ರ ಮಕ್ಕಳೂ ಹಂಗ ಇರೋದು ಹೆಚ್ಚು. ಅದಕ್ಕ ರಾತ್ರಿ ಡಯಪರ್ ಹಾಕ್ರಿ, ಇಲ್ಲಾ ಕೌದಿ ಕೆಳಗ ರಬ್ಬರ್ ಶೀಟ್ ಹಾಕ್ರಿ, ಅದ್ರ ಬಗ್ಗೆ ಯಾರೂ ಜಗಳ ಮಾಡಬ್ಯಾಡ್ರಿ.

ಹುಲಿಗಿಗೆ ಹೋಗೋ ದಿನ ಡಯಪರ್ ಹಾಕ್ಕೊಂಡ ಹೋಗ್ರಿ. ಗಂಗಾವತಿ ಮ್ಯಾಲೆ ಅಷ್ಟು ದೂರ ಬಸ್ಸಿನ್ಯಾಗ ಕೂಸಿಗೂ ಕಷ್ಟ ಪಕ್ಕದೋರಿಗೂ ಕಷ್ಟ, ಒಂದು ದಿನಕ್ಕ ಕಲ್ತಿದ್ದು ಮರೆಯಂಗಿಲ್ಲ ಅಂತ ಅತ್ತಿಯೋರಿಗೆ ನನ್ನ ಹೆಸರು ಹೇಳಿ ಹೇಳ್ರಿ. ಬಸ್ಸು ನಿಂತಲ್ಲಿ ಒಮ್ಮೆ ಬಿಚ್ಚಿ ಕೂಡಿಸಿ ನೋಡ್ರಿ. ತುಂಬಿದ ಡಯಪರ್ ಮಾತ್ರ ಹೊಳಿಗೆ ಒಗೀಬ್ಯಾಡ್ರಿ, ಅದರೊಳಗಿನ ಪ್ಲಾಸ್ಟಿಕ್ಕೂ ಹೀರೋ ಪುಡಿನೂ ಕರಗಂಗಿಲ್ಲ, ಆ ತುಂಗಭದ್ರಾ ನೀರನ್ನ ಮುಂದಿನ ಊರೋರು ಕುಡೀತಾರ. ಎರಡು ಹಳೇ ಪೇಪರ್, ಒಂದು ಕವರ್ ಬ್ಯಾಗಿನ್ಯಾಗ ಇಟ್ಕೊಳ್ರಿ, ಸುತ್ತಿ ಮನಿಗೆ ತಂದು ಕಸದ ಗಾಡಿಯೋರಿಗೆ ಬ್ಯಾರೆ ಮಾಡಿ ಕೊಡ್ರಿ, ಅವರು ಬರೇ ಕೈಲೆ ಕಸ ಆರಿಸ್ತಾರ, ಕವರಿನ ಮ್ಯಾಲೆ ಏನಾದ್ರೂ ಗುರ್ತು ಹಾಕಿ ಕೊಟ್ರ ಅವರಿಗೂ ಅನುಕೂಲ.

– ಸಂಪಾದಕರು