ಮೈನ್ಸ್‌ಗೆ ಹೊಂಟ ತಂಗಿಗೆ: ರೇಡಿಯೋಕೆಮಿಸ್ಟ್ರಿ ಲ್ಯಾಬಿನಾಗ ಏನಿರ್ತದ?

ತಂಗಿ, ಜ್ಞಾನಗಂಗಾದಾಗ (ಗುಲಬರ್ಗಾ ವಿಶ್ವವಿದ್ಯಾಲಯದಾಗ) ಎಂಎಸ್ಸಿ ಮುಗಿಸಿ ಜರ್ಮನಿಯ ಮೈನ್ಸ್‌ಗೆ ರೇಡಿಯೋಕೆಮಿಸ್ಟ್ರಿ, ಅಂದ್ರ ವಿಕಿರಣಶೀಲ ವಸ್ತುಗಳ ರಸಾಯನಶಾಸ್ತ್ರದ ಪಿಎಚ್‌ಡಿಗೆ ಹೊಂಟೀನಿ, ಅಲ್ಲಿ ಲ್ಯಾಬ್ ಹೆಂಗಿರ್ತದ, ರೇಡಿಯೇಷನ್ ಅಂದ್ರ ಅವ್ವ ಅಂಜ್ಲತ್ತಾಳ ಅಂತ ಕೇಳೀದಿ. ಅವ್ವಗ ಹೇಳು, ಅಲ್ಲಿ ಎಲ್ಲರೂ ಹೆಚ್ಚು ಅಂಜೋದು ಕೈಗವಸಿಗೆ ಅಂಟಿದ ವಿಕಿರಣಶೀಲ ಹನಿಗೆ. ಅದು ಬಾಗಿಲ ಹಿಡಿಕಿಗೆ, ಫೋನಿಗೆ, ಕಡೀಕ ಬಾಯಿಗೆ ಬರ್ತದ.

ಅಲ್ಲಿನ ಟ್ರೈಗಾ ಅನ್ನೋ ಸಣ್ಣ ಸಂಶೋಧನಾ ರಿಯಾಕ್ಟರ್ 1965ರಿಂದ ನಡದದ, 100 ಕಿಲೋವ್ಯಾಟ್. ಕರೆಂಟಿಗಲ್ಲ, ನ್ಯೂಟ್ರಾನಿಗೆ. ಸ್ಯಾಂಪಲ್ಲು ಪಾಲಿಥೀನ್ ಡಬ್ಬಿಯೊಳಗ ರಿಯಾಕ್ಟರಿಗೆ ಹೋಗ್ತದ, ನ್ಯೂಟ್ರಾನ್ ಬಡಿದು ವಿಕಿರಣಶೀಲ ಆಗಿ ಗಾಮಾ ಕಿರಣ ಬಿಡ್ತದ. ಬರಿಗೈಲೆ ಆ ಡಬ್ಬಿ ಮುಟ್ಟಬ್ಯಾಡ. ಬೆವರಿನ ಉಪ್ಪು ಹತ್ತಿದ್ರ ಸೋಡಿಯಂ-24 ಆಗಿ ಹೊರಗ ಬರ್ತದ, ಅರ್ಧಾಯುಷ್ಯ (ಅರ್ಧಕ್ಕ ಇಳಿಯೋ ಸಮಯ) 15 ತಾಸು. ಅದರ 1369 ಕೆಇವಿ (ಕಿರಣದ ಶಕ್ತಿಯ ಅಳತಿ) ಗಾಮಾ ಎಬ್ಬಿಸೋ ಹಿನ್ನೆಲಿಯೊಳಗ ನಿನ್ನ ಸ್ಯಾಂಪಲ್ಲಿನ ಸಣ್ಣ ಪೀಕ್ (ಗ್ರಾಫಿನಾಗ ಏಳೋ ಮೊನಿ) ಮುಚ್ಚಿ ಹೋಗ್ತದ. ಆಮ್ಯಾಲ ಎರಡು-ಮೂರು ದಿನ ಕಾಯೋದೇ ಗತಿ.

ಆ ಗಾಮಾ ಎಣಿಸೋದು ಜರ್ಮೇನಿಯಂ ಹರಳಿನ ಡಿಟೆಕ್ಟರಿನಾಗ. ಹರಳು ದ್ರವ ಸಾರಜನಕದಾಗ ಮೈನಸ್ 196 ಡಿಗ್ರಿಗೆ ಹತ್ರ ಇರಬೇಕು. ಬಿಸಿ ಆದ ಹರಳಿಗೆ ಹೈವೋಲ್ಟೇಜ್ ಕೊಟ್ರ ಪ್ರಿಆಂಪ್ (ಸಿಗ್ನಲ್ ಹಿಗ್ಗಿಸೋ ಭಾಗ) ಹಾಳಾಗಬಹುದು. ಸಾರಜನಕ ತುಂಬುವಾಗ ಬಾಗಿಲು ತೆಗೆದಿಡು. ಒಂದು ಲೀಟರ್ ಸುಮಾರು 700 ಲೀಟರ್ ಅನಿಲ ಆಗಿ ಆಕ್ಸಿಜನ್ ತಳ್ಳಿಬಿಡ್ತದ. ಡೆಡ್ ಟೈಮ್ (ಡಿಟೆಕ್ಟರ್ ಹೊಸ ಕಿರಣ ಎಣಿಸಲಾರದ ಹೊತ್ತು) ನೂರಕ್ಕ 10 ದಾಟಿದ್ರ ಸ್ಯಾಂಪಲ್ ದೂರ ಇಡು. ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರೋ ಹೋಲಿಕಿ ಸ್ಯಾಂಪಲ್) ಇಟ್ಟ ಬಾಟಲಿ, ಎತ್ತರ ಎಂಥದೋ ಸ್ಯಾಂಪಲ್ಲಿಗೂ ಅಂಥದೇ ಇರಬೇಕು, ಇಲ್ಲಾಂದ್ರ ಲೆಕ್ಕ ಸುಳ್ಳು. ನಮ್ಮ ತೊಗರಿಬ್ಯಾಳಿ ಒಂದು ಕಿಲೋ ಇಟ್ಟು ನೋಡಿದ್ರೂ 1461 ಕೆಇವಿಗೆ ಪೀಕ್ ಏಳ್ತದ, ಪೊಟ್ಯಾಸಿಯಂ-40. ಅಂಜಬ್ಯಾಡ, ನಮ್ಮ ಮೈಯಾಗೂ ಅದ ಅದು. ಆದ್ರ ಉಣ್ಣೋ ಬ್ಯಾಳಿ ಲ್ಯಾಬಿನಾಗ ಒಯ್ಯಬ್ಯಾಡ.

ಹೊಸಬರು ಎಡವೋದು ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಹತ್ರ. ಅದರ ಬೀಟಾದ ಗರಿಷ್ಠ ಶಕ್ತಿ 18.6 ಕೆಇವಿ, ಜಿಎಂ (ಗೈಗರ್-ಮುಲ್ಲರ್) ವಿಕಿರಣ ಕೌಂಟರಿನ ಮೈಕಾ ಕಿಟಕಿ ದಾಟಂಗಿಲ್ಲ. ಕೌಂಟರ್ ಸುಮ್ಮನಿದ್ರ ಮೇಜು ಸ್ವಚ್ಛ ಅಂತ ತಿಳೀಬ್ಯಾಡ. ತೇವದ ಫಿಲ್ಟರ್ ಪೇಪರಿನಿಂದ 100 ಚದರ ಸೆಂಟಿಮೀಟರ್ ಒರೆಸಿ, ಕಾಕ್‌ಟೇಲ್ (ಬೀಟಾ ಬಡಿದ್ರ ಬೆಳಕು ಬಿಡೋ ದ್ರವ) ಹಾಕಿ, ಸ್ವಲ್ಪ ಹೊತ್ತು ಕತ್ತಲಾಗಿಟ್ಟು ಆ ಬೆಳಕು ಎಣಿಸೋ ಲಿಕ್ವಿಡ್ ಸಿಂಟಿಲೇಷನ್ ಕೌಂಟರಿಗೆ ಕೊಡು. ಬಣ್ಣದ ಸ್ಯಾಂಪಲ್ಲಿದ್ರ ಬೆಳಕು ಕುಗ್ಗಿ ಕಡಿಮಿ ಎಣಿಸ್ತದ, ಇದಕ್ಕ ಕ್ವೆಂಚ್ ಅಂತಾರ, ಅದರ ತಿದ್ದುಪಡಿ ಮಾಡಲೇಬೇಕು. ಜೋರಾದ ಬೀಟಾ ಬಿಡೋ ಫಾಸ್ಫರಸ್-32ಕ್ಕ ಎದುರಿಗೆ ಸೀಸ ಮೊದಲು ಇಡಬ್ಯಾಡ, ಅದು ಎಕ್ಸ್‌ರೇ ಹುಟ್ಟಿಸ್ತದ. 1 ಸೆಂಟಿಮೀಟರ್ ಅಕ್ರಿಲಿಕ್ ಸಾಕು.

ಇನ್ನ ರಜಾಕ್ಕ ಕಲಬುರಗಿಗೆ ಬರುವಾಗ ಡೋಸಿಮೀಟರ್ ಬ್ಯಾಡ್ಜ್ (ಮೈಗೆ ಬಿದ್ದ ವಿಕಿರಣ ಅಳೆಯೋ ಬಿಲ್ಲೆ) ಅಲ್ಲೇ ಬಿಟ್ಟು ಬಾ. ವಿಮಾನ ನಿಲ್ದಾಣದ ಎಕ್ಸ್‌ರೇದಾಗ ಹೋದ್ರ ನಿನ್ನ ಹೆಸರಿಗೆ ಡೋಸ್ ಬೀಳಬಹುದು, ಆಮ್ಯಾಲ ವಿವರಣೆ ಬರೀತಾ ಕೂಡಬೇಕು.