ಮನೆ ಮಾರುವ ಮುಂಚೆ ರಿಪೇರಿ ಎಷ್ಟು ಮಾಡಿಸಬೇಕು? ಏಜೆಂಟರನ್ನು ಹೇಗೆ ಆರಿಸಬೇಕು?

ದೊಡ್ಡ ಕೆಲಸಕ್ಕೆ ಕೈ ಹಾಕಬೇಡಿ. ಹೊಸ ಅಡುಗೆಮನೆ, ಹೊಸ ಟೈಲ್ಸ್‌ಗೆ ಸುರಿದ ದುಡ್ಡು ಮಾರಾಟದ ಬೆಲೆಯಲ್ಲಿ ಪೂರ್ತಿ ವಾಪಸ್ ಬರುವುದು ಅಪರೂಪ. ಕೊಂಡವರು ಹೇಗೂ ತಮಗೆ ಬೇಕಾದಂತೆ ಬದಲಾಯಿಸಿಕೊಳ್ಳುತ್ತಾರೆ.

ಆದರೆ ಚಿಕ್ಕಪುಟ್ಟದ್ದನ್ನು ಖಂಡಿತ ಬಿಡಬೇಡಿ. ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿದ್ದರೆ ನೋಡಲು ಬಂದವರು ಅಲ್ಲೇ ನಿಂತು, ‘ಗೋಡೆಯೊಳಗಿನ ಪೈಪು ಇನ್ನು ಹೇಗಿದೆಯೋ’ ಅಂದುಕೊಳ್ಳುತ್ತಾರೆ. ಚೌಕಾಸಿ ಅಲ್ಲಿಂದಲೇ ಶುರು. ಕಿರುಗುಟ್ಟುವ ಬಾಗಿಲು, ಸ್ವಿಚ್ಚಿನ ಸುತ್ತ ಕೂತ ಬೆರಳಿನ ಕೊಳೆ ಕೂಡ ಹಾಗೆಯೇ. ತೇವದ ಕಲೆಯ ಮೇಲೆ ಮಾತ್ರ ಸುಮ್ಮನೆ ಬಣ್ಣ ಬಳಿಯಬೇಡಿ. ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕಿ ಸರಿಮಾಡಿಸಿ, ಆಗದಿದ್ದರೆ ಇದ್ದದ್ದನ್ನು ಹೇಳಿಬಿಡಿ. ಮುಚ್ಚಿಟ್ಟದ್ದು ಅರ್ಧ ದಾರಿಯಲ್ಲಿ ಗೊತ್ತಾದರೆ ವ್ಯವಹಾರವೇ ಮುರಿದುಬೀಳಬಹುದು. ಫೋಟೋ ಹಗಲಲ್ಲೇ, ಕಿಟಕಿ ತೆರೆದಿಟ್ಟು ತೆಗೆಸಿ.

ಏಜೆಂಟರ ವಿಷಯಕ್ಕೆ ಬಂದರೆ, ಇಬ್ಬರು ಮೂವರನ್ನು ಮಾತಾಡಿಸಿ. ಎಲ್ಲರಿಗಿಂತ ಹೆಚ್ಚು ಬೆಲೆ ಹೇಳಿದವರಿಗೆ ಮರುಳಾಗಬೇಡಿ. ಕೆಲಸ ಗಿಟ್ಟಿಸಲು ಹಾಗೆ ಹೇಳುವವರಿದ್ದಾರೆ, ವಾರಗಳು ಕಳೆದ ಮೇಲೆ ‘ಇಳಿಸೋಣ’ ಅನ್ನುತ್ತಾರೆ. ಅಕ್ಕಪಕ್ಕದಲ್ಲಿ ಈಚೆಗೆ ನಿಜವಾಗಿ ಮಾರಾಟವಾದ ಮನೆಗಳ ಬೆಲೆ ತೋರಿಸಲು ಕೇಳಿ. ಕಮಿಷನ್ ಎಷ್ಟು, ಯಾವಾಗ ಕೊಡಬೇಕು, ಒಪ್ಪಂದ ಎಷ್ಟು ತಿಂಗಳದ್ದು, ಕೊಳ್ಳುವವರಿಂದಲೂ ಅವರು ಹಣ ಪಡೆಯುತ್ತಾರೆಯೇ ಎಂಬುದೆಲ್ಲ ಸಹಿ ಹಾಕುವ ಮುಂಚೆಯೇ ಬರಹದಲ್ಲಿರಲಿ.