ಕೌಂಟರ್ ಲೆಕ್ಕ ಸರಿಯಿತ್ತು, ಉಬ್ಬಸ ನಿಲ್ಲಲಿಲ್ಲ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

11 ವರ್ಷದ ಹುಡುಗಿ. ಶಾಲೆ ಅಂದರೆ ಹೊಟ್ಟೆನೋವು ಅನ್ನುತ್ತಾಳೆ ಅಂತ ತಾಯಿ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದಿದ್ದರು. ಅಸ್ತಮಾದ ವಿಷಯ ಬಂದದ್ದು ಆಮೇಲೆ. "ಔಷಧಿ ಒಂದು ದಿನಾನೂ ತಪ್ಪಿಲ್ಲ ಮೇಡಂ. ಆದ್ರೂ ರಾತ್ರಿಯೆಲ್ಲಾ ಕೆಮ್ಮು. ಡೋಸ್ ಜಾಸ್ತಿ ಮಾಡೋಣ ಅಂತಿದ್ದಾರೆ ಡಾಕ್ಟ್ರು."

ತಂದೆ ತಾಯಿ ಇಬ್ಬರೂ ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗುವವರು. ಆ ಗಡಿಬಿಡಿಯಲ್ಲಿ ಇನ್ಹೇಲರ್ ಮರೆತು ಹೋಗುತ್ತಿತ್ತು. ಅದಕ್ಕೇ ಡಾಕ್ಟರು ದಿನದ 2 ಪಫ್‌ಗಳನ್ನೂ ಒಂದೇ ಹೊತ್ತಿಗೆ, ಶಾಲೆಯ ಊಟದ ಬಿಡುವಿಗೆ ಇಟ್ಟಿದ್ದರು. ರಜಾದಿನ ಮನೆಯಲ್ಲಿ. ಯೋಚನೆ ಒಳ್ಳೆಯದೇ.

ತಾಯಿ ಇನ್ಹೇಲರ್ ತೆಗೆದು ಹಿಂಬದಿಯ ಕೌಂಟರ್ ತೋರಿಸಿದರು. ಒಂದು ಸಲ ಒತ್ತಿದರೆ ಒಂದು ಪಫ್, ಅಂಕಿ ಒಂದು ಇಳಿಯುತ್ತದೆ. 120ರಿಂದ ಶುರುವಾದದ್ದು, 35 ದಿನಕ್ಕೆ ಸರಿಯಾಗಿ 50 ಉಳಿದಿತ್ತು. ಒಂದೂ ಆಚೀಚೆ ಇಲ್ಲ. ಆದರೆ ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ದೊಡ್ಡ ರಜೆಯಲ್ಲಿ ಎರಡು ವಾರ ಕಳೆದರೆ ಕೆಮ್ಮು ಪೂರ್ತಿ ನಿಲ್ಲುತ್ತಿತ್ತಂತೆ. ಎಲ್ಲರೂ ಶಾಲೆಯ ಧೂಳನ್ನೇ ದೂರಿದ್ದರು.

ಮುಂದಿನ ಸಲ ಮನೆಯದು, ಶಾಲೆಯದು ಎರಡೂ ಸ್ಪೇಸರ್ ತರಲು ಹೇಳಿದೆ. ಸ್ಪೇಸರ್ ಅಂದರೆ ಇನ್ಹೇಲರ್‌ಗೆ ಜೋಡಿಸುವ ಟೊಳ್ಳು ಕೊಳವೆ, ಔಷಧಿಯನ್ನು ಅದರ ಮೂಲಕ ಉಸಿರಿಗೆ ಎಳೆದುಕೊಳ್ಳುವುದು. ಮನೆಯದರ ಒಳಗೆ ಔಷಧಿ ಅಂಟಿ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು. ಶಾಲೆಯದು ಗಾಜಿನ ಹಾಗೆ ಹೊಳೆಯುತ್ತಿತ್ತು. ತಾಯಿಯನ್ನು ಹೊರಗೆ ಕೂರಿಸಿ, "ಪುಟ್ಟಾ, ಇದು ತುಂಬಾ ಹೊಸದಾಗಿದೆ ಅಲ್ವಾ?" ಅಂದೆ, ಅಷ್ಟೇ. ಅಳು ಬಂತು. ಟಾಯ್ಲೆಟ್‌ಗೆ ಹೋಗಿ ಎರಡು ಸಲ ಗಾಳಿಗೆ ಒತ್ತಿ ಬರುತ್ತಿದ್ದಳು, ಅಂಕಿ ಇಳಿಯಲಿ ಅಂತ.

ಈ ಔಷಧಿ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು ಆಗಬಹುದು. ಇವಳು ಮುಕ್ಕಳಿಸುತ್ತಿದ್ದ ನಲ್ಲಿಯಲ್ಲೇ ಬೇರೆ ಮಕ್ಕಳು ನೀರು ಹಿಡಿಯುತ್ತಿದ್ದರು. "ಇವಳ ಕಾಯಿಲೆ ನಮಗೂ ಅಂಟತ್ತೆ" ಅಂತ ಒಬ್ಬಳು ಹೇಳಿದಳು. ಮೇಲಿಂದ ಟೀಚರ್ ದಿನಾ ತರಗತಿಯಲ್ಲೇ ಕೂಗಿ ಕೇಳುತ್ತಿದ್ದರು, "ಪಂಪ್ ತಗೊಂಡ್ಯಾ?" ಅವರದ್ದು ಕಾಳಜಿಯೇ. ಆದರೆ ಆ ಹುಡುಗಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಮೊದಲ ಸಲಹೆ ತಾಯಿಗೆ: ಇವತ್ತೇ ಡಾಕ್ಟರಿಗೆ ನಿಜ ಹೇಳಿ. ಎದೆಗೆ ಇಳಿಯದ ಔಷಧಿ ಕೆಲಸ ಮಾಡಿಲ್ಲ ಅಂತ ಡೋಸ್ ಏರಿಸಬಾರದಲ್ಲ. "ಸುಳ್ಳು ಹೇಳಿದ್ದಕ್ಕೆ ಏನೂ ಅನ್ನೋದು ಬೇಡ್ವಾ?" ಅಂದರು. ಬೇಡ ಅಂದೆ. ಈಗ ಬೈದರೆ ಮುಂದಿನ ಸಲ ಇನ್ನೂ ಜಾಣತನದಿಂದ ಮುಚ್ಚಿಡುತ್ತಾಳೆ.

ಹುಡುಗಿಗೆ ಕೇಳಿದ್ದು ಇಷ್ಟೇ: ಎಲ್ಲಿ, ಯಾರ ಮುಂದೆ ತೆಗೆದುಕೊಂಡರೆ ನಿನಗೆ ಸರಿ? ಲೈಬ್ರರಿ ಮೇಡಂ ಅಂದಳು. ಅಲ್ಲೇ ಒಳಗೆ ಕೈತೊಳೆಯುವ ಸಿಂಕ್ ಇತ್ತು. ಮಗುವೇ ಒಂದು ಬಾಗಿಲು ತೋರಿಸಿದಾಗ ನಾವು ಬೇರೆ ಹುಡುಕಬಾರದು.

ಶಾಲೆಯವರ ಜೊತೆ ಜಾಸ್ತಿ ಹೊತ್ತು ಕೂತೆ. ಡಾಕ್ಟರ ಚೀಟಿ ಮತ್ತು ತಾಯಿಯ ಒಪ್ಪಿಗೆ ಪತ್ರ ಲೈಬ್ರರಿ ಮೇಡಂ ಹತ್ತಿರ ಇರಲಿ. ಅವರು ಅಂಕಿ ನೋಡುವುದಲ್ಲ, ಔಷಧಿ ತೆಗೆದುಕೊಳ್ಳುವುದನ್ನು ನೋಡಬೇಕು: ಇನ್ಹೇಲರ್ ಕುಲುಕಿ, ಒಂದು ಪಫ್, ಸ್ಪೇಸರ್‌ನಲ್ಲಿ ನಿಧಾನಕ್ಕೆ ಐದಾರು ಉಸಿರು, ಮತ್ತೆ ಕುಲುಕಿ ಎರಡನೆಯದು. ತರಗತಿಯಲ್ಲಿ ಯಾರೂ ಕೇಳುವುದು ಬೇಡ. ಅಸ್ತಮಾ ಅಂಟುರೋಗ ಅಲ್ಲ ಅನ್ನುವುದನ್ನು ವಿಜ್ಞಾನದ ಪಾಠದಲ್ಲಿ ಇವಳ ಹೆಸರೆತ್ತದೆ ಹೇಳಿ.

ಇನ್ನೊಂದನ್ನು ಗಟ್ಟಿಯಾಗಿಯೇ ಹೇಳಿದೆ. ದಿನಾ ತೆಗೆದುಕೊಳ್ಳುವ ಇನ್ಹೇಲರ್ ಉಸಿರುನಾಳದ ಊತ ಇಳಿಸುತ್ತದೆ, ನಿಧಾನವಾಗಿ. ಉಬ್ಬಸ ಬಂದ ಗಳಿಗೆಗೆ ಬೇಕಾದದ್ದು ಬೇರೆ, ಉಸಿರುನಾಳ ತಕ್ಷಣ ಸಡಿಲಿಸುವ ರಿಲೀವರ್. ಅದನ್ನು ಆಫೀಸಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಅದು ಮಗುವಿನ ಬ್ಯಾಗಿನಲ್ಲೇ ಇರಬೇಕು. ರಿಲೀವರ್ ಕೊಟ್ಟರೂ ಮಾತು ತುಂಡಾಗುತ್ತಿದ್ದರೆ, ತುಟಿ ನೀಲಿಯಾದರೆ, ಮನೆಯವರಿಗಾಗಿ ಕಾಯದೆ ಆಸ್ಪತ್ರೆಗೆ.

ಎರಡು ತಿಂಗಳ ನಂತರ ಬಂದಳು. ಡೋಸ್ ಏರಿಸಿರಲಿಲ್ಲ. ಓಟದ ದಿನ ಮಾತ್ರ ಇನ್ನೂ ಭಯ, ಅದರ ಬಗ್ಗೆ ಮಾತು ನಡೆಯುತ್ತಿದೆ. ಶಾಲೆಯ ಸ್ಪೇಸರ್ ತೆಗೆದು ಬೆಳಕಿಗೆ ಹಿಡಿದಳು. ಒಳಗೆ ಬಿಳಿ ಪೊರೆ. "ತೊಳೀಬೇಕು ಮೇಡಂ" ಅಂದಳು. ಸೋಪಿನ ನೀರಲ್ಲಿ ತೊಳಿ, ಬಟ್ಟೆಯಿಂದ ಒರೆಸ್ಬೇಡ, ಹಾಗೇ ಒಣಗಲಿ ಅಂದೆ.